ಬ್ಯಾಂಡ್ ಸಾ ಟಯರ್‌ಗಳ ದಪ್ಪ ಒಂದೇ ಸಮನಿಲ್ಲ: ಜೋಡಿ ಬದಲಿಸಿಕೊಡುವ ಬಗ್ಗೆ ದೂರು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: 14 ಇಂಚಿನ ಚಕ್ರಕ್ಕೆಂದು ಕಳಿಸಿದ ಯುರೇಥೇನ್ ಟಯರ್ ಜೋಡಿಯಲ್ಲಿನ ತಯಾರಿಕಾ ದೋಷ

ಮಾನ್ಯರೇ,

ನಮ್ಮ ಮರಗೆಲಸದ ವರ್ಕ್‌ಶಾಪಿನ ಬ್ಯಾಂಡ್ ಸಾ ಯಂತ್ರದಲ್ಲಿ (ಎರಡು ಚಕ್ರಗಳ ಮೇಲೆ ಸುತ್ತುವ ಪಟ್ಟಿಯಂಥ ಬ್ಲೇಡಿನಿಂದ ಮರ ಕೊಯ್ಯುವ ಯಂತ್ರ) ಚಕ್ರಗಳ ಅಂಚಿಗೆ, ಬ್ಲೇಡಿನ ಅಡಿಗೆ ತೊಡಿಸಿದ್ದ ಹಳೆಯ ರಬ್ಬರ್ ಟಯರ್‌ಗಳು ಬಿರುಕು ಬಿಟ್ಟು, ಬ್ಲೇಡ್ ಓಡುವ ಜಾಗದಲ್ಲಿ ಸವೆದು ತಗ್ಗಾಗಿದ್ದವು. ಅವುಗಳ ಬದಲಿಗೆ ನಿಮ್ಮಿಂದ ಯುರೇಥೇನಿನ (ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್) ಹೊಸ ಜೋಡಿ ತರಿಸಿದೆವು. ಅದನ್ನು ಹಾಕಿದ ಮೇಲೆ ಯಂತ್ರ ಮೊದಲಿಗಿಂತ ಹೆಚ್ಚು ಅದುರುತ್ತಿದೆ. ವಿಚಾರಿಸಿದರೆ ನಿಮ್ಮ ಸಿಬ್ಬಂದಿ, "ನೀವು ಸರಿಯಾಗಿ ಕೂರಿಸಿಲ್ಲ" ಎಂದು ಹೇಳಿ ಕೈತೊಳೆದುಕೊಂಡರು. ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ದೋಷ ಎಲ್ಲಿದೆ ಎಂದು ಅಳೆದು ನೋಡಿಯೇ ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಚಕ್ರದ ವಿಷಯ. ರಬ್ಬರ್ ಟಯರ್ ಕಿತ್ತ ಮೇಲೆ ರಿಮ್ ಮೇಲೆ ಉಳಿಯುವ ಹಳೆ ಅಂಟು ಅದುರುವಿಕೆಗೆ ಸಾಮಾನ್ಯ ಕಾರಣ. ಅಂಟಿನ ಒಂದು ಗಂಟು ಅಡಿಯಲ್ಲಿ ಸಿಕ್ಕಿಕೊಂಡರೂ ಹೊಸ ಟಯರ್ ಅಲ್ಲಿ ಎದ್ದು ನಿಲ್ಲುತ್ತದೆ. ಹಾಗಾಗಿ ಅಂಟನ್ನು ಸ್ಕ್ರೇಪರ್‌ನಿಂದ ಕೆರೆದು, ಬರಿ ಲೋಹ ಕಾಣುವ ತನಕ ಅಸಿಟೋನ್ ಬಟ್ಟೆಯಿಂದ ಒರೆಸಿ, ಡಯಲ್ ಗೇಜ್ (ಸಣ್ಣ ಏರಿಳಿತ ಅಳೆಯುವ ಉಪಕರಣ) ಇಟ್ಟು ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿದೆವು. ಎರಡರ ಏರಿಳಿತವೂ 0.05 ಮಿ.ಮೀ. ಒಳಗೇ ಇತ್ತು. ಬೇರಿಂಗ್‌ಗಳಲ್ಲಿ ಸಡಿಲವಿಲ್ಲ.

ಟಯರ್ ಹಾಕಿದ ಮೇಲೆ ಅದೇ ಗೇಜ್ ಕೆಳಗಿನ ಚಕ್ರದಲ್ಲಿ 0.6 ಮಿ.ಮೀ. ಏರಿಳಿತ ತೋರಿಸಿತು. ಏರು ಬಂದ ಜಾಗದಲ್ಲಿ ಟಯರಿಗೂ ರಿಮ್ಮಿಗೂ ಸೀಮೆಸುಣ್ಣದ ಗುರುತು ಹಾಕಿ, ಟಯರ್ ಬಿಚ್ಚಿ, ಅರ್ಧ ಸುತ್ತು ಸರಿಸಿ ಮತ್ತೆ ಕೂರಿಸಿದೆವು. ಏರು ಟಯರಿನ ಗುರುತಿನ ಜೊತೆಗೇ ಹೋಯಿತು, ರಿಮ್ಮಿನ ಗುರುತಿನ ಬಳಿ ಉಳಿಯಲಿಲ್ಲ. ತಪ್ಪು ಚಕ್ರದ್ದೋ ಟಯರಿನದೋ ಎಂದು ತಿಳಿಯಲು ಇದಕ್ಕಿಂತ ನೇರವಾದ ಪರೀಕ್ಷೆ ಇನ್ನೊಂದಿಲ್ಲ. ಬಿಚ್ಚಿಟ್ಟ ಟಯರನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದಾಗ ದಪ್ಪ ಕೆಲವೆಡೆ 2.5 ಮಿ.ಮೀ., ಟಯರಿನ ತುದಿಗಳನ್ನು ಸೇರಿಸಿದ ಬೆಸುಗೆಯ ಬಳಿ 3.1 ಮಿ.ಮೀ. ಬಂತು. ಬೆಸುಗೆಯ ಮೇಲೆ ಉಗುರು ಎಳೆದರೆ ಒಂದು ಬದಿಯಲ್ಲಿ ತಡೆದು ನಿಲ್ಲುತ್ತದೆ. ಒಳಮೈಯಲ್ಲಂತೂ ಅಚ್ಚಿನಿಂದ ಹೊರಬಂದ ಹೆಚ್ಚುವರಿ ಎಳೆಯನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದೀರಿ.

0.6 ಮಿ.ಮೀ. ಸಣ್ಣ ಅಳತೆಯೆಂದು ದಯವಿಟ್ಟು ತಳ್ಳಿಹಾಕಬೇಡಿ. 355 ಮಿ.ಮೀ. ವ್ಯಾಸದ ಚಕ್ರದ ಸುತ್ತಳತೆ ಸುಮಾರು 1115 ಮಿ.ಮೀ. ನಿಮಿಷಕ್ಕೆ 800 ಸುತ್ತಿನಲ್ಲಿ ಬ್ಲೇಡ್ ನಿಮಿಷಕ್ಕೆ 890 ಮೀಟರ್ ಓಡುತ್ತದೆ, ಸೆಕೆಂಡಿಗೆ 13 ಸಲ ಆ ಉಬ್ಬಿನ ಮೇಲೆ ಹಾಯುತ್ತದೆ. ಪ್ರತಿ ಸಲವೂ ಬ್ಲೇಡಿನ ಟೆನ್ಷನ್ (ಬಿಗಿತ) ಏರಿ ಇಳಿಯುತ್ತದೆ. ಕೊಯ್ದ ಮರದ ಮೈಯಲ್ಲಿ ಸಾಲು ಸಾಲು ಅಲೆಗಳು ಮೂಡುತ್ತವೆ, ಹೀಗೇ ಓಡಿಸಿದರೆ ಹಲ್ಲುಗಳ ಬುಡದಲ್ಲಿ ಬಿರುಕು ಬಿಟ್ಟು ಬ್ಲೇಡ್ ತುಂಡಾಗುತ್ತದೆ. ಓಡುತ್ತಿರುವಾಗ ಬ್ಲೇಡ್ ತುಂಡಾದರೆ ಅದು ಯಂತ್ರದ ಮುಂದೆ ನಿಂತವರ ಸುರಕ್ಷತೆಯ ಪ್ರಶ್ನೆ.

ಎರಡನೆಯ ದೋಷ ಅಳತೆಯದು. ಅಂಟಿಲ್ಲದೆ ಕೂರುವ ಟಯರ್ ತನ್ನ ಬಿಗಿತದಿಂದಲೇ ರಿಮ್ ಹಿಡಿದುಕೊಳ್ಳಬೇಕು. ಅದಕ್ಕೆ ಎಳೆಯದ ಸ್ಥಿತಿಯಲ್ಲಿ ಅದರ ಒಳಸುತ್ತಳತೆ ಚಕ್ರದ್ದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ನೀವು ಕಳಿಸಿದ್ದು 1105 ಮಿ.ಮೀ. ಇದೆ, ಅಂದರೆ ಕೊರತೆ ಶೇ. 1 ಕೂಡ ಇಲ್ಲ. ಕ್ಲ್ಯಾಂಪ್, ಬಿಸಿ ನೀರು ಏನೂ ಬೇಡದೆ ಬರಿಗೈಯಲ್ಲೇ ಟಯರ್ ರಿಮ್ ಏರಿತು. ಅನುಭವವಿರುವ ಯಾರಿಗಾದರೂ ಅನುಮಾನ ಬರಲು ಅಷ್ಟೇ ಸಾಕು. ದಪ್ಪ ಹಲಗೆ ಸೀಳುವಾಗ ಮೋಟಾರಿನಿಂದ ತಿರುಗುವ ಕೆಳಗಿನ ಚಕ್ರದಲ್ಲಿ ಟಯರ್ ನಿಧಾನವಾಗಿ ಜಾರಿ, ಸಡಿಲವೆಲ್ಲ ಒಂದೆಡೆ ಸೇರಿ ಉಬ್ಬುತ್ತದೆ. ಬ್ಲೇಡ್ ಟ್ರ್ಯಾಕಿಂಗ್ (ಚಕ್ರದ ಮೇಲೆ ಬ್ಲೇಡ್ ಓಡುವ ಜಾಗ) ಹೊಂದಿಸಿದರೂ ನಿಲ್ಲುವುದಿಲ್ಲ.

ನಿಮ್ಮ ಸೂಚನಾ ಹಾಳೆಯ ಬಗ್ಗೆಯೂ ಹೇಳಲೇಬೇಕು. ಅದರಲ್ಲಿ "ಸಡಿಲವಿದ್ದರೆ ಅಂಟು ಬಳಸಿ" ಎಂದಿದೆ, ಯಾವ ಅಂಟು ಎಂದಿಲ್ಲ. ಯುರೇಥೇನ್‌ಗೆ ಎಲ್ಲ ಅಂಟೂ ಹಿಡಿಯುವುದಿಲ್ಲ, ಹಿಡಿದರೂ ತಪ್ಪು ಅಳತೆಯನ್ನು ಅಂಟು ಸರಿಪಡಿಸುವುದಿಲ್ಲ. ಪ್ಲಗ್ ಕಿತ್ತು ಕೆಲಸ ಆರಂಭಿಸಬೇಕು, ಹಳೆ ಅಂಟು ಪೂರ್ತಿ ತೆಗೆಯಬೇಕು, ಟಯರನ್ನು ಬಿಸಿ ನೀರಿನಲ್ಲಿ ಮೆದು ಮಾಡಿ ಒಂದು ಕಡೆ ಕ್ಲ್ಯಾಂಪ್ ಹಾಕಿ ಅಲ್ಲಿಂದ ಎರಡೂ ಬದಿಗೆ ಎಳೆದು ಕೂರಿಸಬೇಕು ಎಂಬ ಮಾತೇ ಅದರಲ್ಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಹಂತವನ್ನೂ ಬಿಟ್ಟಿದ್ದೀರಿ: ಕೂರಿಸಿದ ಮೇಲೆ ನುಣುಪಾದ ದುಂಡು ಸರಳೊಂದನ್ನು ಟಯರ್ ಮತ್ತು ರಿಮ್ ನಡುವೆ ತೂರಿಸಿ ಚಕ್ರದ ಸುತ್ತ ಒಯ್ದರೆ ಎಳೆತ ಎಲ್ಲೆಡೆ ಸಮನಾಗುತ್ತದೆ. ಇದನ್ನು ಮಾಡದಿದ್ದರೆ ಒಳ್ಳೆಯ ಟಯರ್ ಕೂಡ ಒಂದೆಡೆ ತೆಳುವಾಗಿ, ಇನ್ನೊಂದೆಡೆ ದಪ್ಪವಾಗಿ ಕೂರುತ್ತದೆ. ನಾವು ಇದನ್ನು ಮಾಡಿಯೇ ಅಳೆದದ್ದು. ಕೂರಿಸುವವರ ಮೇಲೆ ತಪ್ಪು ಹೊರಿಸುವ ಮೊದಲು ಕೂರಿಸುವ ಕ್ರಮವನ್ನು ಪೂರ್ತಿ ಬರೆದು ಕೊಡುವುದು ನಿಮ್ಮ ಹೊಣೆ.

ಆದ್ದರಿಂದ ನಮಗೆ ಹೊಸ ಜೋಡಿ ಕಳಿಸಿ. ದಪ್ಪದ ವ್ಯತ್ಯಾಸ 0.1 ಮಿ.ಮೀ. ಮೀರಬಾರದು, ಎಳೆಯದ ಸ್ಥಿತಿಯ ಒಳಸುತ್ತಳತೆಯನ್ನು ಪೊಟ್ಟಣದ ಮೇಲೆ ನಮೂದಿಸಿರಬೇಕು. ಅಂಥ ಜೋಡಿ ನಿಮ್ಮಲ್ಲಿ ಇಲ್ಲದಿದ್ದರೆ ಪೂರ್ತಿ ಹಣ ಹಿಂದಿರುಗಿಸಿ. ದೋಷವಿರುವ ಜೋಡಿಯನ್ನು ವಾಪಸ್ ಕಳಿಸುವ ಸಾಗಣೆ ವೆಚ್ಚವನ್ನೂ ನೀವೇ ಭರಿಸಬೇಕು. ಇದೇ ಬ್ಯಾಚಿನ ಉಳಿದ ಟಯರ್‌ಗಳ ಬೆಸುಗೆಯನ್ನು ಮಾರುವ ಮೊದಲು ಪರೀಕ್ಷಿಸಿ.

ಗೇಜ್ ಅಳತೆಗಳ ಪಟ್ಟಿ, ಬೆಸುಗೆಯ ಹತ್ತಿರದ ಚಿತ್ರಗಳು ಮತ್ತು ಬಿಲ್ಲಿನ ಪ್ರತಿಯನ್ನು ಲಗತ್ತಿಸಿದ್ದೇವೆ. ಪೊಟ್ಟಣದ ಮೇಲಿನ ಬ್ಯಾಚ್ ಸಂಖ್ಯೆಯೂ ಚಿತ್ರದಲ್ಲಿದೆ. ನಿಮ್ಮ ಉತ್ತರವನ್ನು ಲಿಖಿತವಾಗಿಯೇ ಕಳಿಸಬೇಕೆಂದು ಕೋರುತ್ತೇವೆ.

ಇಂತಿ,
ವರ್ಕ್‌ಶಾಪ್ ಮೇಲ್ವಿಚಾರಕರು