ಹಳೆಯ ತೋಟದ ಮನೆಯ ದಾಖಲೀಕರಣ: ಕುಟುಂಬದ ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಕೊಟ್ಟಿಗೆಯ ಚಾವಣಿ ಬಿಚ್ಚುವ ಕೆಲಸ ಮುಂದಿನ ತಿಂಗಳು ಆರಂಭವಾಗಲಿರುವುದರಿಂದ, ಬರುವ ಭಾನುವಾರ ಬೆಳಿಗ್ಗೆ 8 ಗಂಟೆಗೆ ನಮ್ಮ ಹಿರಿಯರ ತೋಟದ ಮನೆ ಹಾಗೂ ಕೊಟ್ಟಿಗೆಯ ಅಳತೆ ತೆಗೆದು, ಚಿತ್ರಸಹಿತ ದಾಖಲಿಸಲು ನಿರ್ಧರಿಸಲಾಗಿದೆ. ಬಿಚ್ಚಿದ ಮೇಲೆ ಯಾವ ತೊಲೆ ಎಲ್ಲಿತ್ತೆಂದು ಯಾರಿಗೂ ನೆನಪಿರುವುದಿಲ್ಲ.

ಕಟ್ಟಡದ ವಯಸ್ಸಿನ ಬಗ್ಗೆ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ನನಗೆ ಮರ ಮತ್ತು ಮೊಳೆಗಳ ಸಾಕ್ಷ್ಯದ ಮೇಲೆಯೇ ಹೆಚ್ಚು ನಂಬಿಕೆ. ಬಾಗಿಲಿನಲ್ಲಿರುವ, ಸುತ್ತಿಗೆಯ ಪೆಟ್ಟು ಕಾಣುವ ಚೌಕ ಮೊಳೆಗಳು ಕಮ್ಮಾರರ ಕೈಕೆಲಸ. ದುಂಡನೆಯ ತಂತಿ ಮೊಳೆಗಳು ವ್ಯಾಪಕವಾದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ತೊಲೆಯ ಮೇಲೆ ಬಾಚಿಯ ಏಟುಗಳಿದ್ದರೆ ಅದು ಕೈಯಿಂದ ಕೆತ್ತಿದ್ದು, ಬಿಲ್ಲಿನಂತೆ ಬಾಗಿದ ಗೀರುಗಳಿದ್ದರೆ ವೃತ್ತಾಕಾರದ ಯಂತ್ರಗರಗಸದಲ್ಲಿ ಸೀಳಿದ್ದು. ಆದರೆ ಹಿಂದಿನವರು ಮರವನ್ನು ವ್ಯರ್ಥ ಮಾಡುತ್ತಿರಲಿಲ್ಲ. ಇನ್ನೊಂದು ಮರವನ್ನು ಜೋಡಿಸಲು ಕೊರೆದು, ಈಗ ಉಪಯೋಗವಿಲ್ಲದೆ ಖಾಲಿ ಉಳಿದ ಕುಳಿಗಳಿರುವ ತೊಲೆ ಬೇರೆ ಕಟ್ಟಡದಿಂದ ಬಂದಿರಬಹುದಾದ್ದರಿಂದ, ಒಂದೇ ತೊಲೆಯನ್ನು ನೋಡಿ ಇಸವಿ ನಿಶ್ಚಯಿಸುವುದು ಬೇಡ.

ಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡಿ, ತೊಲೆಗಳಿಗೆ ಸೀಮೆಸುಣ್ಣದಿಂದ ಸಂಖ್ಯೆ ಬರೆಯಿರಿ, ಬಣ್ಣವನ್ನಾಗಲಿ ಗಾರೆಯನ್ನಾಗಲಿ ಕೆರೆಯಬೇಡಿ. ಬಿರುಕುಗಳಿಗೆ ಸಿಮೆಂಟ್ ಮೆತ್ತುವುದನ್ನೂ ದಯವಿಟ್ಟು ನಿಲ್ಲಿಸಿ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಅದನ್ನು ಗೋಡೆಯೊಳಗೇ ತಡೆಹಿಡಿಯುತ್ತದೆ. ಉತ್ತರದ ಗೋಡೆಯಲ್ಲಿ ಕಳೆದ ವರ್ಷ ನಾನೇ ಮೆತ್ತಿಸಿದ ಭಾಗದ ಸುತ್ತ ಈಗ ಇಟ್ಟಿಗೆ ಪುಡಿಯಾಗಿ ಉದುರುತ್ತಿದೆ.

ಹಳೆಯ ಪತ್ರಗಳು, ನಕ್ಷೆಗಳು, ಕಟ್ಟಡ ಹಿನ್ನೆಲೆಯಲ್ಲಿ ಕಾಣುವ ಛಾಯಾಚಿತ್ರಗಳು ಇರುವವರು ಮೂಲ ಪ್ರತಿಗಳನ್ನೇ ತರಬೇಕು. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿದರೆ ಕೆಲಸ ಹಂಚಲು ಅನುಕೂಲವಾಗುತ್ತದೆ. ಏಣಿ ಇರುವವರು ಅದನ್ನೂ ತಿಳಿಸಿ.