ಬಿಸಿಲಿಗೆ ಬಾಗಿದ ರೆಕಾರ್ಡು

ಕಲಬುರಗಿ

ಪ್ರೀತಿಯ ತಂಗಿ,

ನನ್ನ ಬಗ್ಗೆ ಬರೆದು ನೀನು ಕಳುಹಿಸಿದ ಲೇಖನ ತಲುಪಿತು. ಒಮ್ಮೆ ಮೇಜಿನ ಮುಂದೆ, ಇನ್ನೊಮ್ಮೆ ಸಂಜೆ ಬಾಗಿಲ ಕಟ್ಟೆಯ ಮೇಲೆ, ಹೀಗೆ ಎರಡು ಸಲ ಓದಿದೆ. ಯಾದಗಿರಿಯಿಂದ ರೈಲು ಹಿಡಿದು ಬಂದು, ಮೂರು ಗಂಟೆ ಈ ಮುದುಕನ ಮಾತು ಕೇಳಿ, ಐದು ರೆಕಾರ್ಡುಗಳನ್ನು ಸಹಿಸಿಕೊಂಡು (ಐದನೆಯದಕ್ಕೆ ನಿನ್ನ ಕಣ್ಣು ಗಡಿಯಾರದ ಕಡೆಗಿತ್ತು, ಅದರಲ್ಲಿ ತಪ್ಪೇನಿಲ್ಲ) ಬರೆದ ಈ ಬರಹದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿ ಎಂದು ನೀನೇ ಕೇಳಿಕೊಂಡಿರುವುದರಿಂದ ಹೇಳುತ್ತೇನೆ: ಭಾಷೆ ಶುದ್ಧವಾಗಿದೆ, ವಾಕ್ಯಗಳು ಎಲ್ಲಿಯೂ ಎಡವುವುದಿಲ್ಲ, ಆದರೆ ಅದರೊಳಗೆ ನಾನಿಲ್ಲ. ಎದುರಿಗೆ ಕುಳಿತಾಗ ಬಾಯಿ ತುಂಬ ಕಾಕಾ ಎಂದವಳು, ಬರೆಯುವಾಗ ಮೊದಲ ಪ್ಯಾರಾದಲ್ಲಿ ನನ್ನನ್ನು ನಾದತಪಸ್ವಿಯನ್ನಾಗಿಯೂ ಮೂರನೆಯದರಲ್ಲಿ ಹೆದ್ದಾರಿಯ ಸಂತನನ್ನಾಗಿಯೂ ಮಾಡಿಬಿಟ್ಟಿದ್ದೀ. ನಿನ್ನ ಕಾಕಿಗೆ ಓದಿ ಹೇಳಿದೆ. ಪೂರ್ತಿ ಕೇಳಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ಇಂವ ಯಾವ ಊರಾಂವ್ರೀ?"

ನಿನ್ನ ಲೇಖನ ನಿಂತಿರುವುದು ಒಂದು ವಾಕ್ಯದ ಮೇಲೆ. ಬುಲೆಟ್ ಮೋಟಾರ್ ಸೈಕಲ್ಲಿನ ಎದೆಬಡಿತದಲ್ಲಿಯೇ ನಾನು ಅಮೆರಿಕದ ಸಂಗೀತವಾದ ಜಾಝ್‌ನ ಲಯವನ್ನು ಕೇಳುತ್ತೇನೆ ಎಂದು ಬರೆದಿದ್ದೀ. ನಾನು ಹಾಗೆ ಎಂದೂ ಹೇಳಿಲ್ಲ. ಒಬ್ಬ ಮನುಷ್ಯನಿಗೆ ಎರಡು ಹುಚ್ಚುಗಳಿವೆ ಎಂದು ತಿಳಿದ ಕೂಡಲೇ ಅವೆರಡಕ್ಕೂ ಗಂಟು ಹಾಕಬೇಕೆಂಬ ಆತುರ ಬರಹಗಾರರಿಗೆ ಬರುತ್ತದೆ, ಮತ್ತು ಉಪಮೆಗಿಂತ ಅಗ್ಗದ ಹಗ್ಗ ಬೇರೊಂದಿಲ್ಲ. ಆದರೆ ಗಾಡಿ ಓಡಿಸುವವನಿಗೆ ಗೊತ್ತಿರುವ ಸಂಗತಿ ಬೇರೆ. ವೇಗ ಏರಿದಂತೆ ಎಂಜಿನ್ನಿನ ಸ್ವರವೂ ಏರುತ್ತದೆ, ಎದುರಿಗೆ ಎಮ್ಮೆ ಬಂದರೆ ಇಳಿಯುತ್ತದೆ. ಆಧಾರ ಸ್ವರವಾದ ಷಡ್ಜವೇ ನಿಲ್ಲದ ಇಂಥ ತಂಬೂರಿಯನ್ನು ಯಾವ ಗವಾಯಿಯೂ ಒಪ್ಪಲಾರ. ಗಾಡಿಯ ಮೇಲೆ ಕುಳಿತಾಗ ನನ್ನ ಕಿವಿ ಕೇಳುವುದು ಸಂಗೀತವನ್ನಲ್ಲ, ಚೈನು ಸಡಿಲಾಗಿದೆಯೋ ಎಂಬ ಸದ್ದನ್ನು, ಹಿಂದಿನಿಂದ ಲಾರಿ ಬರುತ್ತಿದೆಯೋ ಎಂಬ ಸದ್ದನ್ನು.

ಹಾಗಾದರೆ ಈ ಎರಡಕ್ಕೂ ನಂಟೇ ಇಲ್ಲವೇ ಎಂದು ನೀನು ಕೇಳಬಹುದು. ಇದೆ, ಅದನ್ನು ಬೆಸೆದದ್ದು ನಮ್ಮ ಬಿಸಿಲು.

1986ರ ಮೇ ತಿಂಗಳಲ್ಲಿ ಹೈದರಾಬಾದಿನ ಜುಮ್ಮೆರಾತ್ ಬಜಾರಿನಲ್ಲಿ, ಹಳೆಯ ಕವ್ವಾಲಿ ಮತ್ತು ಸಿನಿಮಾ ಹಾಡುಗಳ ರಾಶಿಯ ನಡುವೆ, ಜಾನ್ ಕೋಲ್ಟ್ರೇನ್ ಅವರ ಒಂದು ಎಲ್‌ಪಿ ನನಗೆ ಸಿಕ್ಕಿತು. ಸಿತಾರ್ ವಾದಕ ರವಿಶಂಕರರ ಮೇಲಿನ ಗೌರವದಿಂದ 1965ರಲ್ಲಿ ಹುಟ್ಟಿದ ತನ್ನ ಮಗನಿಗೆ ರವಿ ಎಂದೇ ಹೆಸರಿಟ್ಟ ಆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಹೇಗೆ ನುಡಿಸಿರಬಹುದು ಎಂಬ ಕುತೂಹಲ ನನ್ನನ್ನು ಎಷ್ಟೋ ವರ್ಷಗಳಿಂದ ಕಾಡುತ್ತಿತ್ತು. ಅದನ್ನು ಟವೆಲಿನಲ್ಲಿ ಸುತ್ತಿ, ಬುಲೆಟ್ಟಿನ ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದು, ಸಂಗಾರೆಡ್ಡಿ, ಜಹೀರಾಬಾದ್ ದಾಟಿ ನಡು ಮಧ್ಯಾಹ್ನ ಹುಮನಾಬಾದಿಗೆ ಬಂದೆ. ಹಸಿವಾಗಿತ್ತು. ಗಾಡಿಯನ್ನು ಬಿಸಿಲಿನಲ್ಲಿಯೇ ನಿಲ್ಲಿಸಿ, ಒಂದು ಖಾನಾವಳಿಯ ನೆರಳಿನಲ್ಲಿ ಕುಳಿತು ನಿಧಾನವಾಗಿ ಉಂಡೆ. ಉಂಡ ಮೇಲೆ ಚಹಾ ಕುಡಿದೆ. ಚಹಾ ಕುಡಿದ ಮೇಲೆ ಪತ್ರಿಕೆ ಓದಿದೆ. ರಾತ್ರಿ ಮನೆಯಲ್ಲಿ ಬಿಚ್ಚಿ ನೋಡಿದರೆ ಆ ರೆಕಾರ್ಡು ಹಂಚಿನ ಮೇಲೆ ಅಂಚು ಎದ್ದ ರೊಟ್ಟಿಯಂತೆ ಬಾಗಿತ್ತು. ಆದರೂ ಹಚ್ಚಿದೆ. ನಿಮಿಷಕ್ಕೆ 33 ಸಲ ಸೂಜಿ ದಿಬ್ಬ ಹತ್ತಿ ಇಳಿಯುತ್ತಿತ್ತು, ಪ್ರತಿ ಸಲವೂ ಸ್ಯಾಕ್ಸೊಫೋನು ಬಿಕ್ಕುತ್ತಿತ್ತು. ಎರಡು ಗಾಜಿನ ಹಲಗೆಗಳ ನಡುವೆ ಇಟ್ಟು, ಮೇಲೆ ಶಹಾಬಾದಿನ ಫರಸಿ ಕಲ್ಲು ಹೇರಿ, ಒಂದು ತಿಂಗಳು ಕಾದೆ. ದಿಬ್ಬ ತಗ್ಗಿತು, ಹೋಗಲಿಲ್ಲ.

ಅಂದಿನಿಂದ ನನ್ನ ಸವಾರಿಯ ವೇಳೆಯೇ ಬದಲಾಯಿತು. ಫೆಬ್ರುವರಿ ಕಳೆದ ಮೇಲೆ ರೆಕಾರ್ಡು ಜೊತೆಗಿದ್ದರೆ ಹಗಲಿನಲ್ಲಿ ಗಾಡಿ ಹೊರಗೆ ತೆಗೆಯುವುದಿಲ್ಲ. ನಸುಕಿನ ಮೂರು ಗಂಟೆಗೆ ಹೊರಟು ಸೂರ್ಯ ಏರುವುದರೊಳಗೆ ಮನೆ ಸೇರುತ್ತೇನೆ. ಮಹಾಗಾಂವ ಕ್ರಾಸಿನಲ್ಲಿ ಚಹಾದವನು ಒಲೆ ಹಚ್ಚುವ ಹೊತ್ತು, ಕಮಲಾಪುರದಲ್ಲಿ ಕೆಂಪು ಬಾಳೆಗೊನೆಗಳನ್ನು ಗಾಡಿಗೆ ಹೇರುವ ಹೊತ್ತು, ನಮ್ಮ ಕಡೆಯ ಎರೆ ಭೂಮಿ ಮುಗಿದು ಬೀದರಿನ ಕಡೆಯ ಕೆಂಪು ಜಂಬಿಟ್ಟಿಗೆ ನೆಲ ಮೊದಲಾಗುವುದು ಬೆಳಕು ಹರಿಯುವಾಗ ಹೇಗೆ ಕಾಣುತ್ತದೆ ಎಂಬುದು, ಇವೆಲ್ಲ ನನಗೆ ತಿಳಿದದ್ದು ಪ್ರಕೃತಿಪ್ರೇಮದಿಂದ ಅಲ್ಲ, ಒಂದು ಪ್ಲಾಸ್ಟಿಕ್ ತಟ್ಟೆ ಬಾಗಬಾರದೆಂಬ ಭಯದಿಂದ. ನೀನು ಬರೆದ "ಮುಂಜಾವಿನ ಮಂಜಿನಲ್ಲಿ ಮೌನವನ್ನು ಅರಸಿ ಹೊರಡುವ ಸವಾರ" ನಾನಲ್ಲ ಎಂದು ಈಗ ನಿನಗೆ ತಿಳಿದಿರಬಹುದು.

ನಮ್ಮ ಮನೆಯ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಕ್ಯಾನ್ವಾಸ್ ಪಟ್ಟಿ ಹೊಡೆದ ಎರಡು ಪ್ಲೈವುಡ್ ಹಲಗೆಗಳು ಒರಗಿದ್ದವು. ರೆಕಾರ್ಡುಗಳನ್ನು ನಡುವೆ ಇಟ್ಟು ಗಾಡಿಗೆ ಬಿಗಿಯಲು ಆ ಮೇ ತಿಂಗಳ ನಂತರ ನಾನೇ ಮಾಡಿಕೊಂಡವು. ಅಂಚುಗಳು ಸವೆದು ಹೊಳೆಯುತ್ತಿವೆ. ನೀನು ಬಂದ ದಿನ ಅವುಗಳ ಮೇಲೆ ನಿನ್ನ ಬ್ಯಾಗು ಇಟ್ಟಿದ್ದೆ. ಬೈಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಸಂಗೀತವನ್ನು ಏಕೆ ಪ್ರೀತಿಸುತ್ತೀರಿ ಎಂದು ನೀನು ನನ್ನನ್ನು ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ನಾನು ಹಳಸಿದ ಉತ್ತರ ಕೊಟ್ಟೆ, ಏಕೆಂದರೆ ಆ ಪ್ರಶ್ನೆಗೆ ಯಾರ ಬಳಿಯೂ ತಾಜಾ ಉತ್ತರ ಇರುವುದಿಲ್ಲ. ಈ ರೆಕಾರ್ಡುಗಳನ್ನು ಹೈದರಾಬಾದಿನಿಂದ ಹೇಗೆ ತಂದಿರಿ ಎಂದು ಒಮ್ಮೆ ಕೇಳಿದ್ದರೆ ಆ ಹಲಗೆಗಳನ್ನು ಎತ್ತಿ ತೋರಿಸುತ್ತಿದ್ದೆ, ಹುಮನಾಬಾದಿನ ಊಟವನ್ನು ಹೇಳುತ್ತಿದ್ದೆ, ಪ್ರೀತಿಯ ಪ್ರಶ್ನೆಗೂ ಅಲ್ಲಿಯೇ ಉತ್ತರ ಬಂದುಬಿಡುತ್ತಿತ್ತು. ಯಾರಾದರೂ ಒಂದು ವಸ್ತುವಿಗಾಗಿ ಯಾವ ತೊಂದರೆ ಪಡುತ್ತಾರೆ ಎಂಬುದನ್ನು ಕೇಳು.

ಇನ್ನೊಂದು ಸಂಗತಿಯನ್ನು ನಾನೇ ನಿನಗೆ ಹೇಳಿದ್ದೆ, ನೀನು ಬಿಟ್ಟುಬಿಟ್ಟೆ. ಬಹುಶಃ ಅದು ನಿನ್ನ ನಾದತಪಸ್ವಿಗೆ ಶೋಭಿಸುವುದಿಲ್ಲವೆಂದು. ಅದನ್ನು ಮತ್ತೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿನ್ನ ಲೇಖನದ ಬೆನ್ನೆಲುಬು ಅದೇ ಆಗಬೇಕಿತ್ತು ಎಂದು ನನ್ನ ಅಭಿಪ್ರಾಯ.

ಅಮೆರಿಕದ ತುತ್ತೂರಿ (ಟ್ರಂಪೆಟ್) ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' 1959ರಲ್ಲಿ ಬಂದ ರೆಕಾರ್ಡು. ಅದರ ಮೊದಲ ಬದಿಯ ಮೊದಲ ರಚನೆಯನ್ನು ನಮ್ಮ ಕಿವಿಯಿಂದ ಕೇಳಿದರೆ ಅದು ಹಿಂದೂಸ್ತಾನಿಯ ಕಾಫಿ ಥಾಟಿನ, ಅಂದರೆ ಆ ಸ್ವರಗುಂಪಿನ, ಸ್ವರಗಳೇ: ಗಾಂಧಾರ, ನಿಷಾದ ಕೋಮಲ, ಉಳಿದವು ಶುದ್ಧ. ಷಡ್ಜ ಬಿಳಿ ಎರಡು, ಅಂದರೆ ಹಾರ್ಮೋನಿಯಂನ ಎರಡನೆಯ ಬಿಳಿ ಮನೆ. ನಾಲ್ಕು ನಾಲ್ಕು ಮಾತ್ರೆಗಳ 16 ಸುತ್ತು ಅಲ್ಲಿಯೇ ಇದ್ದು, ಆಮೇಲೆ ಎಂಟು ಸುತ್ತು ಷಡ್ಜವೇ ಒಂದು ಮನೆ ಮೇಲೇರಿ ಕರಿ ಎರಡಕ್ಕೆ ಹೋಗುತ್ತದೆ, ಮತ್ತೆ ಎಂಟು ಸುತ್ತು ಮೊದಲಿನ ಮನೆಗೆ ಮರಳುತ್ತದೆ. ಷಡ್ಜ ಕದಲುವುದೆಂದರೆ ನಮ್ಮವರಿಗೆ ಭೂಮಿ ಕದಲಿದಂತೆ; ನನಗೆ ಅದೇ ಆಕರ್ಷಣೆಯಾಗಿತ್ತು. ಭಜನೆಗೆ ನುಡಿಸುವಷ್ಟು ಹಾರ್ಮೋನಿಯಂ ನನಗೆ ಬರುತ್ತಿದ್ದುದರಿಂದ ರೆಕಾರ್ಡಿನ ಜೊತೆಗೆ ನುಡಿಸಲು ಕುಳಿತೆ. ಹೊಂದಲಿಲ್ಲ. ಬಿಳಿ ಎರಡು ಒತ್ತಿದರೆ ರೆಕಾರ್ಡು ಮೇಲಿದೆ, ಕರಿ ಎರಡು ಒತ್ತಿದರೆ ಕೆಳಗಿದೆ. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಆ ತುತ್ತೂರಿ ವಾಸವಾಗಿತ್ತು.

ಮೊದಲು ಹಾರ್ಮೋನಿಯಂ ದುರಸ್ತಿಯವನನ್ನು ಬೈದೆ. ಅವನು ಮನೆಗೆ ಬಂದು ರೀಡುಗಳನ್ನು ಪರೀಕ್ಷಿಸಿ, ನಿಮ್ಮ ಪೆಟ್ಟಿಗೆ ಸರಿಯಾಗಿದೆ ಎಂದು ಹೇಳಿ ಬೇಸರದಿಂದ ಹೋದ. ಆಮೇಲೆ ರೆಕಾರ್ಡ್ ಪ್ಲೇಯರಿನ ಬೆಲ್ಟು ಬದಲಿಸಿದೆ. ಆದರೆ ಅದೇ ರೆಕಾರ್ಡನ್ನು ತಿರುಗಿಸಿ ಹಚ್ಚಿದರೆ ಎರಡನೆಯ ಬದಿಯ ಮೊದಲ ರಚನೆ ಬಿಳಿ ಐದಕ್ಕೆ ಸರಿಯಾಗಿ, ಖಮಾಜ್ ಥಾಟಿನಲ್ಲಿ, ತುಪ್ಪದಂತೆ ಕೂಡಿಕೊಳ್ಳುತ್ತಿತ್ತು. ಒಂದು ಬದಿ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ಯಂತ್ರ ಅದೇ, ಪೆಟ್ಟಿಗೆ ಅದೇ, ಕಿವಿ ಅದೇ. ಉತ್ತರ ಕಣ್ಣ ಮುಂದೆಯೇ ಬಿದ್ದಿತ್ತು. ಆದರೆ ಅಷ್ಟು ದೊಡ್ಡವರ ರೆಕಾರ್ಡಿನಲ್ಲಿ ತಪ್ಪು ಇರಲಾರದು, ಕಲಬುರಗಿಯ ನನ್ನ ಕಿವಿಯಲ್ಲಿಯೇ ಇರಬೇಕು ಎಂದು ತೀರ್ಮಾನಿಸಿ ಸುಮ್ಮನಾದೆ.

ನಡೆದದ್ದು ಏನೆಂದರೆ, ಮೊದಲ ಬದಿಯ ರಚನೆಗಳನ್ನು ನ್ಯೂಯಾರ್ಕಿನಲ್ಲಿ 1959ರ ಮಾರ್ಚ್ 2ರಂದು ಮುದ್ರಿಸಿಕೊಳ್ಳುವಾಗ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ನಿಧಾನವಾಗಿ ಮುದ್ರಿಸಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಸ್ವರ ಏರಿತು. ಎರಡನೆಯ ಬದಿಯನ್ನು ಏಪ್ರಿಲ್ 22ರಂದು ಮುದ್ರಿಸಿದರು; ಆ ದಿನ ತೊಂದರೆ ಇರಲಿಲ್ಲ. ಮಾರ್ಚ್ ತಿಂಗಳ ಆ ದಿನ ಜೊತೆಗೆ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪು ಸರಿಯಾಗಿತ್ತು, ಅದನ್ನು ಬಳಸಿ ತಪ್ಪನ್ನು ತಿದ್ದಿದ್ದು 1992ರಲ್ಲಿ. 33 ವರ್ಷ ಜಗತ್ತಿನ ಎಲ್ಲ ದೇಶಗಳ ಕೇಳುಗರೂ ಏರಿದ ಸ್ವರವನ್ನೇ ಕೇಳಿದ್ದರು. ಆ ವಿವರವನ್ನು ಓದಿದ ದಿನ ನನಗಾದದ್ದು ಸಂತೋಷವಲ್ಲ, ನಾಚಿಕೆ. ಆ ದುರಸ್ತಿಯವನ ಕ್ಷಮೆ ಕೇಳಲು ಹೋದೆ. ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಕವರು ಮಾರುತ್ತಿದ್ದರು.

ನೀನು ಯಾರ ಮುಂದೆಯಾದರೂ ಟಿಪ್ಪಣಿ ಪುಸ್ತಕ ಹಿಡಿದು ಕುಳಿತಾಗ, ನಿನ್ನ ಮನಸ್ಸಿನಲ್ಲಿ ಮೊದಲೇ ಸಿದ್ಧವಾದ ಚಿತ್ರಕ್ಕೆ ಹೊಂದದ ಒಂದು ಮಾತು ಅವರ ಬಾಯಿಂದ ಬಂದೇ ಬರುತ್ತದೆ. ಅದನ್ನು ಕೈಬಿಡುವುದು ಸುಲಭ, ನಾನು ನನ್ನ ಕಿವಿಯನ್ನು ಕೈಬಿಟ್ಟಂತೆ. ಹೊಂದದ ಮಾತಿನ ಕೆಳಗೆ ಗೆರೆ ಎಳೆದು, ಮನೆಗೆ ಹೋಗಿ, ಏಕೆ ಹೊಂದುತ್ತಿಲ್ಲ ಎಂದು ಒಂದು ವಾರ ಯೋಚಿಸು. ಬರೆಯುವುದು ಅದರ ನಂತರದ ಕೆಲಸ.

ಇದೇ ಕಾರಣಕ್ಕೆ "ಕಲಬುರಗಿಯ ಜಾಝ್ ಪರಂಪರೆ" ಎಂಬ ನಿನ್ನ ಉಪಶೀರ್ಷಿಕೆಯನ್ನು ದಯವಿಟ್ಟು ತೆಗೆದುಹಾಕು. ಅಂಥ ಪರಂಪರೆ ಇಲ್ಲಿ ಇಲ್ಲ. ಮುಂಬಯಿಯಲ್ಲಿ ಇತ್ತು, ತಾಜ್ ಹೋಟೆಲಿನಲ್ಲಿ ಟೆಡ್ಡಿ ವೆದರ್‌ಫೋರ್ಡ್ ಅವರಂಥ ಕರಿಯ ಅಮೆರಿಕನ್ ಪಿಯಾನೊ ವಾದಕರು ನುಡಿಸಿದರು, ಗೋವೆಯ ವಾದಕರು ಅದನ್ನು ಕಲಿತು ಹಿಂದಿ ಸಿನಿಮಾದ ವಾದ್ಯವೃಂದಗಳಿಗೆ ತಂದರು. ಜಾಝ್‌ನ ದೊಡ್ಡ ಹೆಸರುಗಳಾದ ಡೇವ್ ಬ್ರೂಬೆಕ್ 1958ರಲ್ಲಿ, ಡ್ಯೂಕ್ ಎಲಿಂಗ್ಟನ್ 1963ರಲ್ಲಿ ನಮ್ಮ ದೇಶಕ್ಕೆ ಬಂದು ಹೋದರು. ಆ ಕಾಲಕ್ಕೆ ನಮ್ಮ ಊರಿನ ಕಿವಿ ಬೆಳೆಯುತ್ತಿದ್ದುದು ಶರಣಬಸವೇಶ್ವರರ ಜಾತ್ರೆಯ ವಾದ್ಯಗಳಲ್ಲಿ, ಬಂದೇ ನವಾಜರ ಉರುಸಿನ ಕವ್ವಾಲಿಯಲ್ಲಿ, ಏಕತಾರಿಯ ತತ್ವಪದಗಳಲ್ಲಿ. ನನ್ನ ಜಾಝ್ ಬಂದದ್ದು ಅಪ್ಪನ ಮರ್ಫಿ ರೇಡಿಯೊದ ಶಾರ್ಟ್‌ವೇವ್‌ನಲ್ಲಿ, ಗೊರಗೊರ ಸದ್ದಿನ ನಡುವೆ, ವಾಯ್ಸ್ ಆಫ್ ಅಮೆರಿಕದ ವಿಲಿಸ್ ಕೊನೋವರ್ ಅವರ ದನಿಯ ಹಿಂದೆ. 1955ರಿಂದ ಆ ಕಾರ್ಯಕ್ರಮ ನಡೆಸಿದ ಅವರು ಇಂಗ್ಲಿಷ್ ಮನೆಮಾತಲ್ಲದ ಕೇಳುಗರಿಗಾಗಿ ಒಂದೊಂದು ಶಬ್ದವನ್ನೂ ಬಿಡಿಸಿ, ನಿಧಾನವಾಗಿ ಮಾತನಾಡುತ್ತಿದ್ದರು. ಆ ವಾಹಿನಿಯನ್ನು ಅಮೆರಿಕದೊಳಗೆ ಪ್ರಸಾರ ಮಾಡುವಂತಿರಲಿಲ್ಲವಾದ್ದರಿಂದ ಅವರ ದೇಶದವರಿಗೇ ಅವರ ಪರಿಚಯ ಕಡಿಮೆ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದ ನನಗೆ ಅವರ ಇಂಗ್ಲಿಷ್ ತಿಳಿಯುತ್ತಿತ್ತು. ಒಂದು ಊರಿನಲ್ಲಿ ಒಬ್ಬ ಹುಡುಗ ಒಂದು ಪೆಟ್ಟಿಗೆಗೆ ಕಿವಿ ಹಚ್ಚಿ ಕುಳಿತಿದ್ದ ಎಂದಷ್ಟೇ ಬರೆದರೆ ಸಾಕು. ಅದನ್ನು ಪರಂಪರೆಯಾಗಿ ಉಬ್ಬಿಸಿದರೆ ಆ ಹುಡುಗ ಗುಂಪಿನಲ್ಲಿ ಕಳೆದುಹೋಗುತ್ತಾನೆ.

ಲೇಖನದ ಉದ್ದದ ವಿಷಯವಾಗಿ ಹೆಚ್ಚು ಹೇಳುವುದಿಲ್ಲ. ಅರಗಿನಿಂದ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳಲ್ಲಿ ಒಂದು ಬದಿಗೆ ಸಿಗುತ್ತಿದ್ದುದು ಸುಮಾರು ಮೂರು ನಿಮಿಷ. ಲೂಯಿ ಆರ್ಮ್‌ಸ್ಟ್ರಾಂಗ್ ಅವರಿಗೂ ಅಷ್ಟೇ, ನಮ್ಮ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನ್ ಸಾಹೇಬರಿಗೂ ಅಷ್ಟೇ. ನಿನ್ನ ಲೇಖನದಲ್ಲಿ ನಾನು ಬಾಗಿಲು ತೆರೆಯುವಷ್ಟರಲ್ಲಿ ಅವರ ಹಾಡು ಮುಗಿದಿರುತ್ತದೆ.

ಬುಲೆಟ್ಟನ್ನು ಚಾಲೂ ಮಾಡಿದ್ದನ್ನು ನೀನು "ಒಂದೇ ಒದೆತಕ್ಕೆ ಗರ್ಜಿಸಿತು" ಎಂದು ಬರೆದಿದ್ದೀ. ಆ ದಿನ ಅದು ಐದನೆಯ ಒದೆತಕ್ಕೆ ಎದ್ದಿತು, ನೀನು ಪಕ್ಕದಲ್ಲಿಯೇ ನಿಂತು ಎಣಿಸಿದ್ದೆ. ಡಿಕಂಪ್ರೆಸರ್ ಹಿಡಿ ಎಳೆದು, ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ, ಆಂಪ್ ಮೀಟರಿನ ಮುಳ್ಳು ನಡುವಿಗೆ ಬರುವುದನ್ನು ಕಾದು, ಆಮೇಲೆ ಹಿಡಿ ಬಿಟ್ಟು ಮೈಭಾರವನ್ನೆಲ್ಲ ಹಾಕಿ ಒದೆಯಬೇಕು. ಅವಸರ ಮಾಡಿದರೆ ಕಿಕ್ಕರು ತಿರುಗಿ ಒದ್ದು ಮೀನಖಂಡವನ್ನು ಕೇಳುತ್ತದೆ. ಎಪ್ಪತ್ತು ದಾಟಿದ ನನ್ನ ಕಾಲಿಗೆ ಐದು ಒದೆತ ಬೇಕಾಗುತ್ತದೆ. ಆ ಐದನ್ನೂ ಬರೆ.

ಕೊನೆಗೆ ಒಂದು ಕೊರತೆಯಿದೆ. ಮೂರು ಗಂಟೆ ನಮ್ಮ ಮನೆಯಲ್ಲಿದ್ದು ನೀನು ನಿನ್ನ ಕಾಕಿಯ ಜೊತೆ ಚಹಾ ಚಲೋ ಆಗೇದ ಎಂಬುದಕ್ಕಿಂತ ಹೆಚ್ಚು ಮಾತನಾಡಲಿಲ್ಲ. ಈ ರೆಕಾರ್ಡುಗಳ ಲೆಕ್ಕ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. 1989ರಲ್ಲಿ ಹೊಲಿಗೆ ಯಂತ್ರ ಕೊಳ್ಳಲು ಅವಳು ಕೂಡಿಟ್ಟ ಹಣ ಹೈದರಾಬಾದಿಗೆ ಹೋಗಿ ಏನಾಗಿ ಮರಳಿ ಬಂತು ಎಂಬುದನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿಲ್ಲ. ಬರೆಯುವ ಧೈರ್ಯವೂ ಇಲ್ಲ. ಬರುವ ಭಾನುವಾರ ಬೆಳಗಿನ ರೈಲಿಗೆ ಬಾ. ನಾನು ಎದುರಿಗಿದ್ದರೆ ಅವಳು ಬಾಯಿ ಬಿಡುವುದಿಲ್ಲ, ಆದ್ದರಿಂದ ಗಾಡಿಗೆ ಆಯಿಲ್ ಬದಲಿಸುವ ನೆವ ಮಾಡಿಕೊಂಡು ಮಧ್ಯಾಹ್ನದವರೆಗೆ ಹೊರಗಿರುತ್ತೇನೆ.

ಇಂತಿ,
ನಿನ್ನ ಕಾಕಾ