ನಗಿಸಿದ್ದು ಗಿಡಗಳ ಪುಸ್ತಕ, ನಡುಗಿಸಿದ್ದು ಮನೆಯ ಕತೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪುಸ್ತಕ ಪುಟದ ಬಗ್ಗೆ ನನ್ನದೊಂದು ಸಣ್ಣ ತಕರಾರಿದೆ. ಪ್ರತಿ ವಿಮರ್ಶೆಯ ತಲೆ ಮೇಲೆ ಕಾದಂಬರಿ, ವಿಜ್ಞಾನ, ಆತ್ಮಕಥೆ, ಪತ್ತೇದಾರಿ ಅಂತ ಒಂದು ಹಣೆಪಟ್ಟಿ ಹಚ್ಚುತ್ತೀರಿ. ಅದನ್ನು ನೋಡಿದ ಕೂಡಲೇ ಓದುವವನ ತಲೆಯಲ್ಲಿ ಲೆಕ್ಕ ಶುರುವಾಗುತ್ತದೆ. ವಿಜ್ಞಾನ ಅಂದರೆ ಒಣ ಒಣ, ಪತ್ತೇದಾರಿ ಅಂದರೆ ಟೈಂಪಾಸ್, ಆತ್ಮಕಥೆ ಅಂದರೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳೋದು. ಈಚೆಗೆ ನಾನು ಓದಿ ಮುಗಿಸಿದ ಪುಸ್ತಕಗಳಲ್ಲಿ ಈ ಲೆಕ್ಕ ಒಂದಕ್ಕೂ ತಾಳೆಯಾಗಲಿಲ್ಲ. ಅದಕ್ಕೇ ಈ ಪತ್ರ. ಇದನ್ನು ವಿಮರ್ಶೆ ಅಂದುಕೊಳ್ಳಬೇಡಿ, ಸುಮ್ನೆ ಓದಿದವನೊಬ್ಬನ ಮಾತು.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿನಿಂದಲೇ ಶುರು ಮಾಡುತ್ತೇನೆ. ಸ್ವಾಮಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತಾ ಗಿಡ ಮರ ತೋರಿಸಿದ್ದೇ ಪುಸ್ತಕ. ಇಷ್ಟು ಹೇಳಿದರೆ ಯಾರು ತಾನೆ ಕೈಗೆತ್ತಿಕೊಳ್ಳುತ್ತಾರೆ, ಅಲ್ವಾ? ಆದರೆ ಓದಿ ನೋಡಿ. ಒಂದು ಗಿಡ ಕಣ್ಣಿಗೆ ಬೀಳುತ್ತದೆ, ಅದರ ಲ್ಯಾಟಿನ್ ಹೆಸರು, ಅದು ಯಾವ ಕುಟುಂಬದ್ದು, ಎಲೆ ಹೇಗೆ, ಹೂವು ಹೇಗೆ ಅಂತ ಪಾಠ ನಡೆಯುತ್ತಿರುತ್ತದೆ, ಅಷ್ಟರಲ್ಲಿ ಯಾವನೋ ವಿದ್ಯಾರ್ಥಿ ಒಂದು ತರಲೆ ಪ್ರಶ್ನೆ ಎಸೆಯುತ್ತಾನೆ, ಮೇಷ್ಟ್ರು ಅವನಿಗಿಂತ ದೊಡ್ಡ ತರಲೆ, ಅವರ ಉತ್ತರ ಗಿಡದಿಂದ ಹೊರಟು ಹಳೆಯ ಕವಿಗಳ ಉಪಮೆಗಳನ್ನೆಲ್ಲ ಒಂದು ಸುತ್ತು ಕಾಲೆಳೆದು ಮತ್ತೆ ಗಿಡಕ್ಕೇ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ನಮಗೆ ಗೊತ್ತಿಲ್ಲದ ಹಾಗೆ ಆ ಗಿಡದ ಗುರುತು ತಲೆಯಲ್ಲಿ ಕೂತಿರುತ್ತದೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಬಾಯಲ್ಲಿ ಹೇಳಿದರೆ ತಿಳಿಯದ ಎಲೆಯ ಜೋಡಣೆ ಆ ಗೆರೆಗಳಲ್ಲಿ ಥಟ್ಟನೆ ತಿಳಿಯುತ್ತದೆ. ಡಿವಿಜಿಯವರ ಮಗ ಅನ್ನುವ ಕಾರಣಕ್ಕೆ ಗಂಭೀರವಾಗಿರಬಹುದು ಅಂದುಕೊಂಡವರಿಗೆ ಇಲ್ಲಿ ಒಳ್ಳೆ ಪೆಟ್ಟು ಕಾದಿದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಇದು. ಅಷ್ಟು ನಗಿಸುವ ಪುಸ್ತಕಕ್ಕೆ ಪ್ರಶಸ್ತಿ ಕೊಟ್ಟವರನ್ನು ಮೆಚ್ಚಬೇಕು. ಒಂದೇ ಮಾತು, ಒಂದೇ ಗುಕ್ಕಿನಲ್ಲಿ ಓದಲು ಹೋಗಬೇಡಿ. ಲ್ಯಾಟಿನ್ ಹೆಸರುಗಳ ಸಾಲು ಜಾಸ್ತಿಯಾದಾಗ ನನಗೂ ಆಕಳಿಕೆ ಬಂತು.

ಇನ್ನು ಸಿದ್ದಲಿಂಗಯ್ಯನವರ ‘ಊರುಕೇರಿ’. ಈ ಪುಸ್ತಕದ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಶುರುವಿನಲ್ಲೇ ಒಂದು ದೃಶ್ಯ ಬರುತ್ತದೆ. ಹೊಲದಲ್ಲಿ ಇಬ್ಬರ ಹೆಗಲ ಮೇಲೆ ನೊಗ. ಎತ್ತುಗಳು ಇರಬೇಕಾದ ಜಾಗದಲ್ಲಿ ಮನುಷ್ಯರು ಎಳೆಯುತ್ತಿದ್ದಾರೆ, ಹಿಂದೆ ಇನ್ನೊಬ್ಬ ನೇಗಿಲು ಹಿಡಿದು ಉಳುತ್ತಿದ್ದಾನೆ. ಅದನ್ನು ನೋಡುತ್ತಾ ನಿಂತಿರುವುದು ಒಬ್ಬ ಹುಡುಗ. ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಬೇರೆಯವರಾಗಿದ್ದರೆ ಇಲ್ಲಿ ನಾಲ್ಕು ಪುಟ ಅಳಿಸುತ್ತಿದ್ದರು, ಆಮೇಲೆ ಒಂದು ಪುಟ ಭಾಷಣ ಬಿಗಿಯುತ್ತಿದ್ದರು. ಸಿದ್ದಲಿಂಗಯ್ಯ ಕಂಡಿದ್ದನ್ನು ಹೇಳಿ ಮುಂದೆ ನಡೆದುಬಿಡುತ್ತಾರೆ. ನಾವು ಮಾತ್ರ ಅಲ್ಲೇ ನಿಂತಿರುತ್ತೇವೆ.

ಮುಂದಕ್ಕೆ ಹೋದ ಹಾಗೆ ಇನ್ನೂ ವಿಚಿತ್ರ. ಹಸಿವು, ಅವಮಾನ, ಹಾಸ್ಟೆಲ್, ಸ್ಮಶಾನದಲ್ಲಿ ಕೂತು ಓದಿದ್ದು, ಎಲ್ಲವನ್ನೂ ಹೇಳುವ ದನಿಯಲ್ಲಿ ಒಂದು ತುಂಟ ನಗು ಇದ್ದೇ ಇರುತ್ತದೆ. ‘ಹೊಲೆಮಾದಿಗರ ಹಾಡು’ ಬರೆದು ಒಂದು ತಲೆಮಾರಿನ ಹೋರಾಟಕ್ಕೆ ದನಿ ಕೊಟ್ಟ ಕವಿ ಇವರೇನಾ ಅನ್ನಿಸುತ್ತದೆ. ಅಲ್ಲಿ ಸಿಡಿಲು, ಇಲ್ಲಿ ನಗು. ಆದರೆ ಸಿಟ್ಟು ಎಲ್ಲೂ ಹೋಗಿಲ್ಲ, ವೇಷ ಬದಲಾಯಿಸಿದೆ ಅಷ್ಟೆ. ಪಾಪ ಅಂತ ಅನ್ನಿಸಿಕೊಳ್ಳುವುದಕ್ಕೆ ಈ ಮನುಷ್ಯ ಒಂದು ಪುಟದಲ್ಲೂ ಒಪ್ಪುವುದಿಲ್ಲ. ಓದುವವನು ಮರುಕ ಪಡಲು ರೆಡಿಯಾಗಿ ಕೂತರೆ ಅವನನ್ನೇ ನಗಿಸಿ ಕಳಿಸುತ್ತಾರೆ. ಆತ್ಮಕಥೆ ಬರೆಯಲು ಹೊರಟವರೆಲ್ಲ ಮೊದಲು ಇದನ್ನು ಓದಿದರೆ ನಮ್ಮಂಥ ಓದುಗರಿಗೆ ಎಷ್ಟೋ ಸನ್ಮಾನ ಸಮಾರಂಭಗಳ ವರದಿ ಓದುವ ಕಷ್ಟ ತಪ್ಪುತ್ತಿತ್ತು. 2021ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಹೋರಾಟದ ಹಾಡುಗಳನ್ನು ನೆನೆದವು, ಸರಿಯೇ. ಈ ಗದ್ಯಕ್ಕೂ ಅಷ್ಟೇ ಜಾಗ ಸಿಗಬೇಕಿತ್ತು.

ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಓದಿದ್ದು ಬರೀ ಕತೆಯ ಓಟಕ್ಕೆ. ಸುರೇಶ, ಗೌರಿ ಅನ್ನುವ ಎಳೆ ಜೋಡಿ, ಏಲಕ್ಕಿ ಮಾರಲು ಹೊರಟವರು, ಒಂದು ಹಳೆಯ ಕಾವ್ಯದಲ್ಲಿ ಅಡಗಿದ ಗುಟ್ಟು, ಬೆನ್ನು ಹತ್ತಿದ ದುಷ್ಟರು. ಓಟ ಸಿಕ್ಕಿತು, ಅದರ ಬಗ್ಗೆ ದೂರಿಲ್ಲ. ಆದರೆ ಪುಸ್ತಕ ಮುಚ್ಚಿದ ಮೇಲೆ ನೆನಪಿನಲ್ಲಿ ಉಳಿದಿದ್ದು ಬೆನ್ನಟ್ಟಿದ್ದಲ್ಲ, ವ್ಯಾಪಾರ. ಕಾಡಂಚಿನಲ್ಲಿ ಬೆಳೆದ ಮಾಲು ಯಾರ ಯಾರ ಕೈ ದಾಟುತ್ತದೆ, ಬೆಳೆದವನಿಗೆ ತಿಳಿಯದ ಯಾವ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ, ಕಾಡು ಬರಿದಾಗುವುದಕ್ಕೂ ಈ ಲೆಕ್ಕಕ್ಕೂ ಏನು ನಂಟು ಅನ್ನುವುದನ್ನು ಒಂದು ಪ್ರಬಂಧದಲ್ಲಿ ಬರೆದಿದ್ದರೆ ನಾನು ಖಂಡಿತ ಓದುತ್ತಿರಲಿಲ್ಲ. 1994ರ ಕಾದಂಬರಿ, ಮಾತು ಇವತ್ತಿನದೇ. ಕಾಕತಾಳೀಯಗಳು ಸ್ವಲ್ಪ ಅತಿಯಾದವು ಅಂತ ನನಗನ್ನಿಸಿತು. ತೇಜಸ್ವಿ ಅಭಿಮಾನಿಗಳು ಬೈಯಲಿ, ಪರವಾಗಿಲ್ಲ.

ಹಾಗಾದರೆ ಮೈ ನಡುಗಿಸಿದ್ದು ಯಾವುದು? ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಒಂದು ಕೂಡುಕುಟುಂಬದ ಕತೆ, ಕೈಯಲ್ಲಿ ಹಿಡಿದರೆ ಭಾರವೇ ಗೊತ್ತಾಗದಷ್ಟು ಪುಟ್ಟದು. ದುಡ್ಡು ಬರುವ ಮೊದಲು ಆ ಮನೆಯವರಿದ್ದ ಜಾಗದಲ್ಲಿ ಇರುವೆಗಳ ಕಾಟ. ಅಮ್ಮ ಅವುಗಳ ಮೇಲೆ ಸಮರವನ್ನೇ ಸಾರುತ್ತಾಳೆ. ಬರಬರುತ್ತಾ ಇರುವೆ ಕೊಲ್ಲುವುದರಲ್ಲಿ ಮನೆಯವರಿಗೆಲ್ಲ ಒಂಥರಾ ಖುಷಿ ಹುಟ್ಟುತ್ತದೆ. ಓದುವಾಗ ತಮಾಷೆಯಾಗಿಯೇ ಇತ್ತು. ಆಮೇಲೆ ಚಿಕ್ಕಪ್ಪನ ವ್ಯಾಪಾರ ಕುದುರುತ್ತದೆ, ದೊಡ್ಡ ಮನೆ ಬರುತ್ತದೆ, ಒಬ್ಬಳು ಸೊಸೆಯೂ ಬರುತ್ತಾಳೆ, ಅವಳು ಈ ಮನೆಯವರ ಹಾಗೆ ಬಾಯಿ ಮುಚ್ಚಿಕೊಂಡು ಇರುವವಳಲ್ಲ. ಆಗ ಆ ಇರುವೆಗಳು ನೆನಪಾಗಿ ಹೊಟ್ಟೆಯಲ್ಲಿ ಏನೋ ತಳಮಳ. ಕತೆ ಹೇಳುವವನಿಗೆ ಹೆಸರೂ ಇಲ್ಲ, ಕೆಲಸವೂ ಇಲ್ಲ, ಏನೂ ಗೊತ್ತಿಲ್ಲದವನ ಹಾಗೆ ಮಾತಾಡುತ್ತಾನೆ. ಎಲ್ಲ ಗೊತ್ತಿದ್ದವನೇ ಹಾಗೆ ಮಾತಾಡೋದು. ನಿಮ್ಮ ವಿಮರ್ಶಕರು ಕೊನೆಯನ್ನು ಹೇಳಿಬಿಡುತ್ತಾರೆ, ನಾನು ಹೇಳುವುದಿಲ್ಲ. ಈ ವಿಷಯದಲ್ಲಿ ಅವರಿಗೆ ನಿಜಕ್ಕೂ ಬುದ್ಧಿ ಹೇಳಬೇಕು ಸಾರ್. ಕೊನೆ ಪುಟದ ಗುಟ್ಟನ್ನು ಮೊದಲ ಪ್ಯಾರಾದಲ್ಲೇ ಒಡೆದು, ಕೆಳಗೆ ‘ಸಂಗ್ರಹಯೋಗ್ಯ’ ಅಂತ ಬರೆದರೆ ಯಾರು ಸಂಗ್ರಹಿಸುತ್ತಾರೆ?

ಬಾನು ಮುಷ್ತಾಕ್ ಅವರ ಕತೆಗಳನ್ನು 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ಓದಿದವರ ದೊಡ್ಡ ಗುಂಪಿನಲ್ಲಿ ನಾನೂ ಇದ್ದೇನೆ. ‘ಎದೆಯ ಹಣತೆ’ ಕತೆಯಲ್ಲಿ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ದೊಡ್ಡ ಮಗಳು ಸಲ್ಮಾ ಎಳೆಕೂಸನ್ನು ಎತ್ತಿಕೊಂಡು ಓಡಿ ಬರುತ್ತಾಳಲ್ಲ, ಅಲ್ಲಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎಲ್ಲ ಕತೆಗಳೂ ಆ ಎತ್ತರದಲ್ಲಿಲ್ಲ. ಕೆಲವು ಕಡೆ ಲೇಖಕಿಯ ವಾದವೇ ಪಾತ್ರದ ಬಾಯಲ್ಲಿ ಬಂತು ಅನ್ನಿಸಿತು. ಆದರೆ ಹೆಂಗಸರು ಹೆಂಗಸರು ಮಾತಿಗೆ ಕೂತಾಗ ಬರುವ ವ್ಯಂಗ್ಯ ಇದೆಯಲ್ಲ, ಆ ಜಾಗಗಳು ಸೊಗಸು.

ನಾಟಕವನ್ನು ಓದಬಾರದು, ನೋಡಬೇಕು ಅಂತಾರೆ. ಗಿರೀಶ್ ಕಾರ್ನಾಡರ ‘ತುಘಲಕ್’ ಓದಿದೆ, 1964ರದ್ದು. ಸುಲ್ತಾನನ ದೊಡ್ಡ ದೊಡ್ಡ ಮಾತಿಗಿಂತ ಬಟ್ಟೆ ಒಗೆಯುವ ಅಜೀಜನೇ ನನಗೆ ಇಷ್ಟವಾದ. ಸುಲ್ತಾನ ನ್ಯಾಯದ ಬಾಗಿಲು ಎಲ್ಲರಿಗೂ ತೆರೆದ ಕೂಡಲೇ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ಕೇಸು ಗೆಲ್ಲುತ್ತಾನೆ. ತಾಮ್ರದ ನಾಣ್ಯ ಬಂದರೆ ಖೋಟಾ ನಾಣ್ಯಕ್ಕೆ ಇಳಿಯುತ್ತಾನೆ. ರಾಜ ಮಾಡಿದ ಕಾನೂನನ್ನು ರಾಜನಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವನು. ಅವನು ಬಂದಾಗಲೆಲ್ಲ ಜೋರಾಗಿ ಓದಿದೆ, ಮನೆಯವರು ಬಂದು ನೋಡಿ ಹೋದರು.

ಈಗ ಬೇಡಿಕೆಗೆ ಬರುತ್ತೇನೆ. ಹೊಸ ಪುಸ್ತಕಗಳ ವಿಮರ್ಶೆ ಇರಲಿ, ಬೇಡ ಅನ್ನುತ್ತಿಲ್ಲ. ಆ ಪುಟದ ಒಂದು ಮೂಲೆಯಲ್ಲಿ ಓದುಗರ ಮಾತಿಗೂ ಜಾಗ ಕೊಡಿ. ಹಳೆಯದೋ ಹೊಸದೋ, ಯಾವ ವಿಭಾಗದ್ದೋ, ಕೇಳಬೇಡಿ. ಬೇಜಾರಾಯಿತು ಅಂತ ಬರೆದರೆ ಅದನ್ನೂ ಹಾಕಿ. ಎಷ್ಟು ಸಾಲು ಬೇಕಾದರೂ ಕತ್ತರಿಸಿ, ಬೇಜಾರಾಯಿತು ಅನ್ನುವ ಆ ಸಾಲನ್ನು ಮಾತ್ರ ಹಾಗೇ ಉಳಿಸಿ.

ಹಾಗೇ ಇನ್ನೊಂದು. ಬೇಂದ್ರೆಯವರ ‘ನಾಕುತಂತಿ’ಯನ್ನೂ ಓದಿ ಮುಗಿಸಿದೆ, ಮುಗಿಸಿದೆ ಅಂದರೆ ಕೊನೆಯ ಪುಟ ಬಂತು. ಕಿವಿಗೆ ಬಲು ಹಿತ, ತಲೆಗೆ ಹತ್ತಿದ್ದು ಕಾಲು ಭಾಗವೂ ಇಲ್ಲ. 1973ರಲ್ಲಿ ಜ್ಞಾನಪೀಠ ತಂದ ಸಂಕಲನ ಅಂತ ಎಲ್ಲರೂ ಹೇಳುತ್ತಾರೆ, ಒಳಗೆ ಏನಿದೆ ಅಂತ ಕೇಳಿದರೆ ಮಾತು ಬದಲಾಯಿಸುತ್ತಾರೆ. ತಿಳಿದವರು ಯಾರಿಂದಾದರೂ ನಮ್ಮಂಥವರಿಗೆ ಅರ್ಥವಾಗುವ ಹಾಗೆ, ಪದ್ಯ ಪದ್ಯವಾಗಿ, ಕೆಲವು ವಾರ ಬರೆಸುತ್ತೀರಾ?

ಇತಿ,
ನಿಮ್ಮ ಒಬ್ಬ ಓದುಗ